ಮಾತಿನ ತೂಕ ಅಳೆಯುವುದು ಹೇಗೆ?

ಚುನಾವಣೆ ಬಂತೆಂದರೆ ಜೀಪಿನ ಮೇಲೆ ಮೈಕು, ಗೋಡೆ ತುಂಬ ಪೋಸ್ಟರು, ಮನೆಮನೆಗೆ ಕರಪತ್ರ. ಮುಗಿದ ಮೇಲೆ ಗೆದ್ದವರು "ನಮ್ಮ ಮಾತು ಜನರಿಗೆ ಮುಟ್ಟಿತು" ಅಂತಾರೆ. ಸೋತವರು "ಜನಕ್ಕೆ ಅರ್ಥ ಆಗಲಿಲ್ಲ" ಅಂತಾರೆ. ಎರಡಕ್ಕೂ ಸಾಕ್ಷಿ ಎಲ್ಲಿದೆ?

ಮಕ್ಕಳೇ, ಇದು ರಾಜಕೀಯ, ವಿಜ್ಞಾನ ಪತ್ರಿಕೆಯಲ್ಲಿ ಇದಕ್ಕೇನು ಕೆಲಸ ಎಂದು ನೀವು ಕೇಳಬಹುದು. ಕೆಲಸ ಇದೆ ಎಂಬುದೇ ನನ್ನ ವಾದ. ಒಂದು ಮಾತು ಕೆಲಸ ಮಾಡಿತೋ ಇಲ್ಲವೋ ಎಂದು ತಿಳಿಯುವ ದಾರಿ ನಿಮ್ಮ ಪ್ರಯೋಗಾಲಯದ ದಾರಿಯೇ. ನೀವು ಅದನ್ನು ಕಲಿಯದಿದ್ದರೂ, ನಾಳೆ ನಿಮ್ಮ ಮತ ಕೇಳಿಕೊಂಡು ಬರುವವರು ಕಲಿತಿರುತ್ತಾರೆ.

ದ್ಯುತಿಸಂಶ್ಲೇಷಣೆಯ ಪಾಠ ನೆನಪಿಸಿಕೊಳ್ಳಿ. ಎಲೆಯ ಒಂದು ಭಾಗಕ್ಕೆ ಕಪ್ಪು ಕಾಗದ ಹಚ್ಚಿ ಬಿಸಿಲಿಗಿಟ್ಟು, ಆಮೇಲೆ ಬಣ್ಣ ತೆಗೆದು ಅಯೋಡಿನ್ ಹಾಕುತ್ತೇವೆ. ತೆರೆದ ಭಾಗ ಕಡುನೀಲಿ, ಮುಚ್ಚಿದ ಭಾಗ ಇಲ್ಲ. ಎರಡೂ ಭಾಗ ಒಂದೇ ಎಲೆಯಲ್ಲಿ ಇದ್ದದ್ದರಿಂದಲೇ ವ್ಯತ್ಯಾಸಕ್ಕೆ ಬೆಳಕೇ ಕಾರಣ ಎನ್ನಲು ಸಾಧ್ಯವಾಯಿತು. ಹೋಲಿಸಲು ಏನೂ ಇಲ್ಲದಿದ್ದರೆ ಪ್ರಯೋಗವೇ ಅಲ್ಲ.

ಇದೇ ಕ್ರಮವನ್ನು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಮತದಾರರ ಮೇಲೆ ಮಾಡಿ ನೋಡಿದರು. ನಮ್ಮಲ್ಲಿ ಪಕ್ಷದ ಟಿಕೆಟ್ ಯಾರಿಗೆ ಎಂದು ಪಕ್ಷದ ನಾಯಕರು ತೀರ್ಮಾನಿಸುತ್ತಾರೆ. ಅಲ್ಲಿ ಸಾಮಾನ್ಯವಾಗಿ ಮತದಾರರೇ ಮೊದಲೊಂದು ಸುತ್ತು ಮತ ಹಾಕಿ ಪಕ್ಷದ ಅಭ್ಯರ್ಥಿಯನ್ನು ಆರಿಸುತ್ತಾರೆ. ಅದಕ್ಕೆ ಪ್ರೈಮರಿ ಅನ್ನುತ್ತಾರೆ. 2006ರ ಆಗಸ್ಟ್‌ನಲ್ಲಿ ಮಿಶಿಗನ್ನಿನ ಪ್ರೈಮರಿ ನಡೆಯಿತು. ರಾಜ್ಯ ಶಾಸನಸಭೆಯ ಕೆಳಮನೆಯ 110, ಮೇಲ್ಮನೆಯ 38 ಸ್ಥಾನಗಳಿಗೆ ಪಕ್ಷಗಳ ಅಭ್ಯರ್ಥಿಗಳು ಆಯ್ಕೆಯಾಗಬೇಕಿದ್ದದ್ದೂ ಆಗಲೇ.

ಅಲನ್ ಗರ್ಬರ್, ಡೊನಾಲ್ಡ್ ಗ್ರೀನ್, ಕ್ರಿಸ್ಟೋಫರ್ ಲಾರಿಮರ್ ಎಂಬ ಮೂವರು ಸಂಶೋಧಕರು ಸುಮಾರು 1,80,000 ಮನೆಗಳನ್ನು ಚೀಟಿ ಎತ್ತಿದ ಹಾಗೆ ಐದು ಗುಂಪು ಮಾಡಿದರು. ನಾಲ್ಕು ಗುಂಪುಗಳಲ್ಲಿ ತಲಾ ಸುಮಾರು 20,000 ಮನೆ, ಒಂದೊಂದು ಗುಂಪಿಗೆ ಒಂದೊಂದು ಬಗೆಯ ಪತ್ರ. ಉಳಿದ ಸುಮಾರು 1,00,000 ಮನೆಗಳಿಗೆ ಏನೂ ಕಳಿಸಲಿಲ್ಲ. ಅಲ್ಲಿ ಯಾರಿಗೆ ಮತ ಹಾಕಿದಿರಿ ಎಂಬುದು ಗುಟ್ಟು, ಆದರೆ ಮತ ಹಾಕಿದಿರೋ ಇಲ್ಲವೋ ಎಂಬುದು ಸರಕಾರಿ ದಾಖಲೆಯಲ್ಲಿ ಸಿಗುತ್ತದೆ. ಹಾಗಾಗಿ ಯಾರನ್ನೂ ಕೇಳದೆಯೇ ಫಲಿತಾಂಶ ಅಳೆಯಬಹುದಿತ್ತು.

ಪತ್ರ ಬಾರದವರಲ್ಲಿ ಮತ ಹಾಕಿದವರು ಶೇಕಡಾ 29.7. "ಮತದಾನ ನಿಮ್ಮ ಕರ್ತವ್ಯ" ಎಂಬ ಪತ್ರ ಬಂದವರಲ್ಲಿ 31.5. "ನೀವು ಮತ ಹಾಕುತ್ತೀರೋ ಎಂದು ಅಧ್ಯಯನ ನಡೆಯುತ್ತಿದೆ" ಎಂದದ್ದಕ್ಕೆ 32.2. ಹಿಂದಿನ ಚುನಾವಣೆಗಳಲ್ಲಿ ನಿಮ್ಮ ಮನೆಯವರು ಮತ ಹಾಕಿದ್ದರೋ ಇಲ್ಲವೋ ಎಂದು ತೋರಿಸಿದ್ದಕ್ಕೆ 34.5. ಜೊತೆಗೆ ನೆರೆಮನೆಯವರ ದಾಖಲೆಯನ್ನೂ ತೋರಿಸಿ, ಚುನಾವಣೆ ಮುಗಿದ ಮೇಲೆ ಹೊಸ ಪಟ್ಟಿ ಕಳಿಸುತ್ತೇವೆ ಎಂದದ್ದಕ್ಕೆ 37.8!

ಗುಂಪು ಮಾಡಲು ಚೀಟಿಯೇ ಯಾಕೆ ಬೇಕು? ಒಂದು ಪೇಟೆಗೆ ಒಂದು ಪತ್ರ, ಇನ್ನೊಂದು ಪೇಟೆಗೆ ಇನ್ನೊಂದು ಎಂದು ಹಂಚಿದ್ದರೆ, ವ್ಯತ್ಯಾಸ ಪತ್ರದಿಂದ ಬಂತೋ ಪೇಟೆಯಿಂದ ಬಂತೋ ಹೇಳಲಾಗುತ್ತಿರಲಿಲ್ಲ. ಇಷ್ಟೊಂದು ಮನೆ ಯಾಕೆ? ನಾಣ್ಯ ಹತ್ತು ಸಲ ಚಿಮ್ಮಿ, ಏಳು ಸಲ ತಲೆ ಬಿದ್ದರೆ ಆಶ್ಚರ್ಯವಿಲ್ಲ. ಸಾವಿರ ಸಲ ಚಿಮ್ಮಿ ಏಳುನೂರು ಸಲ ತಲೆ ಬಿದ್ದರೆ ನಾಣ್ಯದಲ್ಲೇ ಏನೋ ಇದೆ. ಇನ್ನೂರು ಇನ್ನೂರು ಮತದಾರರ ಎರಡು ಗುಂಪುಗಳ ನಡುವೆ ಮೂರು ನಾಲ್ಕು ಅಂಶದ ವ್ಯತ್ಯಾಸ ಬರೀ ಅದೃಷ್ಟದ ಆಟವೂ ಆಗಿರಬಹುದು.

ಮಿಶಿಗನ್ನಿನಲ್ಲಿ ಅಳೆದದ್ದು ಜನ ಮತಗಟ್ಟೆಗೆ ಬಂದರೋ ಎಂಬುದನ್ನು ಮಾತ್ರ. ಮನಸ್ಸು ಬದಲಾಯಿತೋ ಎಂಬುದು ಬೇರೆಯೇ ಪ್ರಶ್ನೆ. ಜೋಶುವಾ ಕಲ್ಲಾ, ಡೇವಿಡ್ ಬ್ರೂಕ್‌ಮನ್ ಎಂಬವರು 2018ರಲ್ಲಿ ಇಂಥ 49 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪಕ್ಷ ಪಕ್ಷಗಳ ನಡುವಿನ ಮುಖ್ಯ ಚುನಾವಣೆಯಲ್ಲಿ, ಪ್ರಚಾರದಿಂದ ಮತದಾರರ ಆಯ್ಕೆ ಬದಲಾಗುವುದು ಸರಾಸರಿಯಲ್ಲಿ ಸೊನ್ನೆಗೆ ಹತ್ತಿರ. ಪ್ರೈಮರಿಯಲ್ಲಿ ಹಾಗಲ್ಲ, ಅಲ್ಲಿ ಪ್ರಚಾರ ನಾಟಬಲ್ಲದು. ಕಾರಣ ಸರಳ. ಪ್ರೈಮರಿಯಲ್ಲಿ ಎಲ್ಲರೂ ಒಂದೇ ಪಕ್ಷದವರು. ಪಕ್ಷ ನೋಡಿ ತೀರ್ಮಾನಿಸಲು ಬರುವುದಿಲ್ಲ, ಶಾಸಕ ಸ್ಥಾನಕ್ಕೆ ನಿಂತವರ ಹೆಸರೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ತಿಳಿವಳಿಕೆ ಕಡಿಮೆ ಇದ್ದಲ್ಲಿ ಮಾತಿಗೆ ಬಲ ಹೆಚ್ಚು. ಇದನ್ನು ಮಾತ್ರ ಮರೆಯಬೇಡಿ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಬೇಕು. ನೆರೆಮನೆಯ ಪಟ್ಟಿಯ ಪತ್ರವೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿತು, ಸರಿ. ಹಾಗಂತ ಅದೇ ಒಳ್ಳೆಯದೇ? ನಿಮ್ಮ ಅಂಕಪಟ್ಟಿಯನ್ನು ಪಕ್ಕದ ಮನೆಗೆ ಕಳಿಸುತ್ತೇವೆ ಎಂದರೆ ನೀವೂ ಓದುತ್ತೀರಿ, ಆದರೆ ಅದು ಪ್ರೀತಿಯಿಂದಲ್ಲ, ನಾಚಿಕೆಯಿಂದ. 2014ರಲ್ಲಿ ಮೊಂಟಾನಾ ರಾಜ್ಯದಲ್ಲಿ ನ್ಯಾಯಾಧೀಶರ ಚುನಾವಣೆಗೆ ಮುಂಚೆ ಸಂಶೋಧಕರು ಸುಮಾರು 1,00,000 ಮತದಾರರಿಗೆ ರಾಜ್ಯದ ಮುದ್ರೆಯಿದ್ದ ಪತ್ರ ಕಳಿಸಿದರು. ಅದು ಸರಕಾರದ್ದೇ ಎಂದು ಜನ ತಿಳಿಯುವಂತಿತ್ತು. ದೊಡ್ಡ ಗಲಾಟೆಯಾಗಿ, ಸ್ಟ್ಯಾನ್‌ಫರ್ಡ್ ಮತ್ತು ಡಾರ್ಟ್‌ಮತ್ ವಿದ್ಯಾಸಂಸ್ಥೆಗಳ ಮುಖ್ಯಸ್ಥರು ಕ್ಷಮೆ ಕೇಳಬೇಕಾಯಿತು. ಯಾವುದು ಕೆಲಸ ಮಾಡುತ್ತದೆ ಎಂದು ಪ್ರಯೋಗ ಹೇಳುತ್ತದೆ. ಅದನ್ನು ಮಾಡಬಹುದೇ ಎಂದು ಹೇಳುವವರು ನಾವು.

ಹಾಗಾದರೆ ನೀವೇನು ಮಾಡಬಹುದು? ನಮ್ಮ ಗಡಿನಾಡ ಕನ್ನಡ ಶಾಲೆಗಳಲ್ಲಿ ಪಾಲಕರ ಸಭೆಗೆ ಜನ ಬರುವುದು ಎಷ್ಟು ಮುಖ್ಯ ಎಂದು ನಿಮಗೇ ಗೊತ್ತು. ಮುಂದಿನ ಸಭೆಗೆ ಅರ್ಧ ಮನೆಗಳಿಗೆ ಎಂದಿನ ಸೂಚನಾ ಪತ್ರ ಹೋಗಲಿ. ಉಳಿದರ್ಧಕ್ಕೆ ಅದೇ ಪತ್ರ, ಕೆಳಗೆ ನಿಮ್ಮ ಕೈಬರಹದಲ್ಲಿ "ಅಮ್ಮ, ಅಪ್ಪ, ನೀವು ಬರಬೇಕು" ಎಂಬ ಒಂದು ಸಾಲು. ಯಾವ ಮನೆಗೆ ಯಾವುದು ಎಂದು ಚೀಟಿ ಎತ್ತಿ. ಚೀಟಿ ಮನೆಗೊಂದು, ಮಗುವಿಗೊಂದಲ್ಲ. ಯಾಕೆಂದರೆ ಅಣ್ಣ ತಂಗಿ ಇಬ್ಬರೂ ನಿಮ್ಮ ಶಾಲೆಯಲ್ಲೇ ಇರಬಹುದು. ಎರಡು ಬಗೆಯ ಪತ್ರ ಹೋಗುತ್ತಿದೆ ಎಂದು ಪಾಲಕರಿಗೂ ಮುಖ್ಯೋಪಾಧ್ಯಾಯರಿಗೂ ಮೊದಲೇ ತಿಳಿಸಿ. ತಿಳಿಸಿದರೆ ಪ್ರಯೋಗ ಕೆಡುವುದಿಲ್ಲವೇ ಅಂದ್ರೆ, ಎರಡೂ ಗುಂಪಿಗೆ ಸಮನಾಗಿ ತಿಳಿಸಿರುವುದರಿಂದ ಹೋಲಿಕೆ ಹಾಗೇ ಉಳಿಯುತ್ತದೆ. ಬಾರದವರ ಹೆಸರನ್ನು ಮಾತ್ರ ಎಲ್ಲೂ ಹಾಕಬೇಡಿ.

ಒಂದು ಶಾಲೆಯ ಅರುವತ್ತು ಮನೆಗಳ ಲೆಕ್ಕ ಹತ್ತು ಸಲ ಚಿಮ್ಮಿದ ನಾಣ್ಯದ ಹಾಗೆಯೇ. ಆದರೆ ಕಾಸರಗೋಡು, ತಾಳವಾಡಿ, ಜತ್ತ, ಅಕ್ಕಲಕೋಟೆ, ಆದೋನಿಯ ಶಾಲೆಗಳು ತಮ್ಮ ತಮ್ಮಲ್ಲೇ ಚೀಟಿ ಎತ್ತಿ, ಎರಡು ಗುಂಪುಗಳ ವ್ಯತ್ಯಾಸವನ್ನು ಈ ಪತ್ರಿಕೆಗೆ ಬರೆದು ಕಳಿಸಿದರೆ, ಒಟ್ಟು ಲೆಕ್ಕಕ್ಕೆ ತೂಕ ಬರುತ್ತದೆ. ಫಲಿತಾಂಶ ಸೊನ್ನೆ ಬಂದರೂ ಕಳಿಸಿ, ಅದೂ ಫಲಿತಾಂಶವೇ.

ಮುಂದೆ ಯಾರಾದರೂ "ಈ ಮಾತಿಗೆ ಜನ ಮರುಳಾದರು" ಅಂದಾಗ, ಆ ಮಾತು ಕೇಳದ ಗುಂಪು ಎಲ್ಲಿತ್ತು ಎಂದು ಕೇಳಿ. ಉತ್ತರ ಬಾರದಿದ್ದರೆ ಅದು ಬರೀ ಅಭಿಪ್ರಾಯ.