ಸಾಲದ ಆಕಳು, ಒಂದೇ ಸೂಜಿ



ಧುಪದಾಳದ ಒಡ್ಡಿನಿಂದ ಕಾಲುವೆಗೆ ನೀರು ಹರಿಯಲು ಹತ್ತಿ ನೂರು ವರ್ಷ ದಾಟಿತು. ಆ ನೀರಿನ ಮೇಲೆ ಕಬ್ಬು ಬೆಳೆದೆವು. ಕಬ್ಬಿನ ಬಿಲ್ಲು ಕೈಗೆ ಬರೋತನಕ ಮನಿ ನಡೀಬೇಕಲ್ಲ, ಅದಕ್ಕೆ ಸಾಲ ತೆಗೆದು ಎಚ್ಚೆಫ್ ಆಕಳು ಕಟ್ಟಿದೆವು. ಹೀಗಾಗಿ ಆಕಳ ಬೇನೆ ಬರೇ ದನದ ಡಾಕ್ಟರರ ಮಾತಲ್ಲ, ಸಾಲದ ಮಾತು.

ಎತ್ತಿನ ಕೋಡಿನ ಕ್ಯಾನ್ಸರ್ ನಮ್ಮ ಹಿರಿಯರಿಗೆ ಗೊತ್ತು. ಇದು ಬೇರೆ: ದನದಿಂದ ದನಕ್ಕೆ ಅಂಟುವ ರಕ್ತದ ಕ್ಯಾನ್ಸರ್. ಅಂಟುವ ಕ್ಯಾನ್ಸರ್ ಅಂದರೆ ನಗಬೇಡಿ. 1911ರಲ್ಲಿ ಅಮೇರಿಕದ ಪೇಟನ್ ರೌಸ್ ಕೋಳಿಯ ಗಡ್ಡೆ ಅರೆದು, ಸೋಸಿ, ಆ ರಸವನ್ನು ಬೇರೆ ಕೋಳಿಗೆ ಚುಚ್ಚಿ ಗಡ್ಡೆ ಬರಿಸಿ ತೋರಿಸಿದ. ಬಹಳ ಮಂದಿ ನಂಬಲಿಲ್ಲ. ನೊಬೆಲ್ ಕೊಟ್ಟದ್ದು 1966ರಲ್ಲಿ, ಮುದುಕನಿಗೆ ಆಗ 87 ವರ್ಷ! 1969ರಲ್ಲಿ ದನದ ರಕ್ತದಲ್ಲೂ ಅದೇ ಕುಲದ ವೈರಸ್ ಸಿಕ್ಕಿತು. ಇವಕ್ಕೆ ರೆಟ್ರೊವೈರಸ್ ಅಂತಾರೆ.

ನಮ್ಮ ಹೊಲದ ಉತಾರದಲ್ಲಿ ಬ್ಯಾಂಕಿನವರು ಬೋಜಾ ಏರಿಸುವುದಿಲ್ಲವೆ? ಹಾಗೆಯೇ ಈ ವೈರಸ್ ರಕ್ತಕಣದ ಮೂಲ ದಾಖಲೆಯೊಳಗೆ ತನ್ನ ಹೆಸರು ಬರೆಸುತ್ತದೆ. ಬೋಜಾ ಆದರೂ ಸಾಲ ತೀರಿದರೆ ಇಳಿಯುತ್ತದೆ, ಇದು ಆಕಳು ಇರುವತನಕ ಇಳಿಯುವುದಿಲ್ಲ. ಔಷಧ ಇಲ್ಲ. ಸೋಂಕಿದ ಬಹುಪಾಲು ದನ ಆರಾಮ ಇದ್ದಂತೆಯೇ ಕಾಣುತ್ತವೆ. ಗಡ್ಡೆಯಾಗುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಆದರೆ ಆಗುವುದು ಹೆಚ್ಚಾಗಿ ನಾಲ್ಕರಿಂದ ಎಂಟು ವರ್ಷದ ಆಕಳಿಗೆ, ಹಾಲು ಹಿಂಡುವ ಹೊತ್ತಿನಲ್ಲಿ. ಮೈ ಇಳಿಯುತ್ತದೆ, ಗಂಟು ಏಳುತ್ತವೆ, ಹಾಲು ಬತ್ತುತ್ತದೆ. ಆಕಳು ಸತ್ತರೂ ಕಂತು ಸಾಯೋದಿಲ್ಲ.

ಹಬ್ಬುವುದು ಮುಖ್ಯವಾಗಿ ರಕ್ತದಿಂದ. ಒಂದೇ ಸೂಜಿಯಿಂದ ಓಣಿಯ ದನಕ್ಕೆಲ್ಲ ಚುಚ್ಚಿದರೆ, ಕೋಡು ಕೊಯ್ಯುವ ಹತ್ಯಾರ ತೊಳೆಯದಿದ್ದರೆ, ನಾವೇ ಹಂಚಿದಂತೆ. ವಿಮೆಗಾಗಿ ಕಿವಿಗೆ ಬಿಲ್ಲೆ ಹೊಡೆಯುವ ಇಕ್ಕಳದಲ್ಲೂ ರಕ್ತ ಹತ್ತಿರುತ್ತದೆ. ವಿಮೆ ಮಾಡಿಸಲು ಹೋಗಿ ಬೇನೆ ತಂದುಕೊಂಡಂತಾಯಿತು! ಕಾಲುಬಾಯಿ ಲಸಿಕೆ ಬೇಡ ಅನ್ನುತ್ತಿಲ್ಲ, ತಪ್ಪದೇ ಹಾಕಿಸಿ. ಚುಚ್ಚುವ ಹುಡುಗರ ಮೇಲೂ ಸಿಟ್ಟಿಲ್ಲ. ದಿನಕ್ಕೆ ಇಷ್ಟು ದನ ಅಂತ ಲೆಕ್ಕ ಕೊಟ್ಟು ಕಳಿಸಿದರೆ ಅವರಾದರೂ ಏನು ಮಾಡ್ಯಾರು? ದನಕ್ಕೊಂದು ಸೂಜಿ ಕೊಡುವುದು ಸರಕಾರದ ಕೆಲಸ. ಸೂಜಿ ಏನು ಒಂದು ಕಪ್ ಚಹಾಕ್ಕಿಂತ ತುಟ್ಟಿಯೆ?

2009ರ ಕೇಂದ್ರ ಕಾಯಿದೆಯ ಪಟ್ಟಿಯಲ್ಲಿ ಈ ರೋಗವೂ ಅದೆ. ಸಂಶಯ ಬಂದರೆ ದನದ ಮಾಲಕ ಪಂಚಾಯತಿಗೆ ತಿಳಿಸಬೇಕಂತೆ. ಹೊರಗೆ ಕಾಣದ ಬೇನೆಯನ್ನು ರೈತ ಹೇಗೆ ಕಂಡಾನು? ರಕ್ತ ಪರೀಕ್ಷೆಯಿಂದಲೇ ತಿಳಿಯಬೇಕು. ಡೆನ್ಮಾರ್ಕಿನವರು ರಕ್ತ ನೋಡಿ ನೋಡಿ, ಸೋಂಕಿದ ದನ ಹಿಂಡಿನಿಂದ ತೆಗೆದು, ಬೇನೆಯನ್ನೇ ನಿರ್ಮೂಲ ಮಾಡಿದರು. ಇಲ್ಲಿ ಸಾಲದ ಆಕಳನ್ನು ತೆಗೆದುಹಾಕು ಎಂದರೆ ಯಾರು ತೆಗೆದಾರು? ಸಂತೆಯಲ್ಲಿ ಸುಮ್ಮನೆ ಮಾರಿ ಇನ್ನೊಬ್ಬ ರೈತನ ಕೊರಳಿಗೆ ಕಟ್ಟುತ್ತೇವೆ. 2022ರಲ್ಲಿ ಚರ್ಮಗಂಟು ರೋಗದಿಂದ ಸತ್ತ ಆಕಳಿಗೆ ರಾಜ್ಯ ಸರಕಾರ 20,000 ರೂಪಾಯಿ ಪರಿಹಾರ ಸಾರಿತ್ತು. ಆ ದಾರಿ ಇದಕ್ಕೂ ತೆರೆಯಲಿ.

ಇನ್ನೊಂದು ಮಾತು. ಸಾಲ ಕೊಡುವಾಗ ಬ್ಯಾಂಕಿನವರು ನಮ್ಮ ಉತಾರ ನೋಡುತ್ತಾರೆ, ಜಾಮೀನು ಕೇಳುತ್ತಾರೆ. ತರುವ ಆಕಳ ರಕ್ತ ಮಾತ್ರ ಯಾರೂ ನೋಡುವುದಿಲ್ಲ. ಪರೀಕ್ಷೆಯ ಚೀಟಿ ಕೈಗೆ ಬರದೆ ಹೊರಗಿನ ಆಕಳು ಹಟ್ಟಿಗೆ ಬರಬಾರದು, ಅದರ ಖರ್ಚು ಸಾಲ ಕೊಡುವವರದೇ ಆಗಬೇಕು. ಹಾಲು ಕಾಸಿ ಕುಡಿಯಿರಿ, ಕಾಸಿದರೆ ವೈರಸ್ ಸಾಯುತ್ತದೆ. ಮುಂದಿನ ಸಲ ಲಸಿಕೆಯವರು ಓಣಿಗೆ ಬಂದಾಗ, ದನ ಹಿಡಿಯುವ ಮೊದಲು ಸೂಜಿ ಎಷ್ಟು ತಂದಾರೆ ಎಣಿಸಿರಿ.