ಗೆದ್ದದ್ದು ರಕ್ತವಲ್ಲ

2025ರ ಮೇ ತಿಂಗಳ ಕೊನೆಯಲ್ಲಿ, ಅಮೆರಿಕದ ರಾಜಧಾನಿ ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿನಲ್ಲಿ, ಹದಿಮೂರು ವರ್ಷದ ಹುಡುಗನೊಬ್ಬ ಫ್ರೆಂಚ್ ಮೂಲದ ಒಂದು ಉದ್ದನೆಯ ಪದದ ಅಕ್ಷರಗಳನ್ನು ಒಂದೊಂದಾಗಿ ಹೇಳಿ ಮುಗಿಸಿದ. ಮರುಕ್ಷಣವೇ ಸಂತೋಷ ತಡೆಯಲಾರದೆ ವೇದಿಕೆಯ ನೆಲಕ್ಕೊರಗಿದ. ಆತ ಹೇಳಿದ ಪದ ‘ಎಕ್ಲೇರ್ಸಿಸ್ಮೆಂಟ್’. ಗೊಂದಲವನ್ನು ತಿಳಿಗೊಳಿಸುವುದು ಎಂದು ಅದರ ಅರ್ಥ. ಹುಡುಗನ ಹೆಸರು ಫೈಝಾನ್ ಝಕಿ. ಟೆಕ್ಸಾಸ್‌ನ ವಿದ್ಯಾರ್ಥಿ, ಹೆತ್ತವರ ಮೂಲ ಹೈದರಾಬಾದ್. ಹಿಂದಿನ ವರ್ಷ ಎರಡನೇ ಸ್ಥಾನಕ್ಕೆ ತೃಪ್ತಿಪಟ್ಟಿದ್ದ ಆತನಿಗೆ ಈ ಬಾರಿ ಸಿಕ್ಕಿದ್ದು 50,000 ಡಾಲರ್ ಬಹುಮಾನ.

ಇದು ‘ಸ್ಕ್ರಿಪ್ಸ್ ನ್ಯಾಷನಲ್ ಸ್ಪೆಲ್ಲಿಂಗ್ ಬೀ’. 1925ರಲ್ಲಿ ಒಂಬತ್ತು ಮಕ್ಕಳೊಂದಿಗೆ ಆರಂಭವಾದ ಈ ಸ್ಪರ್ಧೆಗೆ ಅಮೆರಿಕದ ನಾನಾ ರಾಜ್ಯಗಳಿಂದಲ್ಲದೆ ಕೆನಡಾ, ಘಾನಾ, ಬಹಾಮಾಸ್‌ನಂಥ ದೇಶಗಳಿಂದಲೂ ಮಕ್ಕಳು ಬರುತ್ತಾರೆ. ಪದವನ್ನು ಕೇಳಿ ಅದರ ಅಕ್ಷರಗಳನ್ನು ಸರಿಯಾದ ಕ್ರಮದಲ್ಲಿ ಹೇಳಬೇಕು. ಪದದ ಅರ್ಥ, ಮೂಲಭಾಷೆ, ವಾಕ್ಯದಲ್ಲಿ ಅದರ ಬಳಕೆ ಇವನ್ನು ಕೇಳಿ ತಿಳಿದುಕೊಳ್ಳಬಹುದು. ತಪ್ಪಿದರೆ ಗಂಟೆ ಬಾರಿಸುತ್ತದೆ.

1985ರಲ್ಲಿ ಬಾಲು ನಟರಾಜನ್ ಗೆದ್ದು ಭಾರತೀಯ ಮೂಲದ ಮೊದಲ ಚಾಂಪಿಯನ್ ಆದರು. 2008ರಿಂದ 2018ರವರೆಗೆ ಒಂದು ವರ್ಷವೂ ಬಿಡದೆ ಭಾರತೀಯ ಮೂಲದ ಮಕ್ಕಳೇ ಗೆದ್ದರು. 2019ರಲ್ಲಿ ಎಂಟು ಮಕ್ಕಳು ಜಂಟಿಯಾಗಿ ಗೆದ್ದಾಗ ಅವರಲ್ಲಿ ಏಳು ಮಂದಿ ಭಾರತೀಯ ಮೂಲದವರು. ಪ್ರತಿ ಸಲವೂ ನಮ್ಮಲ್ಲಿ ಒಂದೇ ರಾಗ: ‘ಭಾರತೀಯ ಮೆದುಳಿಗೆ ಸಾಟಿಯಿಲ್ಲ’, ‘ಇದು ನಮ್ಮ ರಕ್ತದಲ್ಲೇ ಇದೆ’. ಫೈಝಾನ್ ಗೆದ್ದಾಗ ಇದಕ್ಕೆ ಇನ್ನೊಂದು ರಾಗವೂ ಸೇರಿತು: ‘ಇವನು ನಮ್ಮ ಸಮುದಾಯದ ಹುಡುಗ’. ಮಕ್ಕಳ ಗೆಲುವಿಗೆ ಖುಷಿಪಡುವುದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ಖುಷಿಪಡುವುದರಲ್ಲಿ ಖಂಡಿತ ತಪ್ಪಿಲ್ಲ. ಆದರೆ ಆ ಗೆಲುವನ್ನು ರಕ್ತದ ಲೆಕ್ಕಕ್ಕೆ ಬರೆಯುವುದು ಸುಳ್ಳು. ಮಾತ್ರವಲ್ಲ, ಅಪಾಯಕಾರಿ ಸುಳ್ಳು.

ಯಾಕೆಂದರೆ ರಕ್ತದ ಈ ಭಾಷೆಯನ್ನು ಆಡುವವರು ನಾವು ಮಾತ್ರವಲ್ಲ. 2014ರಲ್ಲಿ ಭಾರತೀಯ ಮೂಲದ ಇಬ್ಬರು ಹುಡುಗರು ಜಂಟಿಯಾಗಿ ಗೆದ್ದಾಗ ‘ಅಮೆರಿಕನ್ನರು ಗೆಲ್ಲುವುದು ಯಾವಾಗ?’ ಎಂದು ಜಾಲತಾಣಗಳಲ್ಲಿ ವಿಷ ಕಾರಿದವರಿದ್ದರು. ಆ ಮಕ್ಕಳು ಅಮೆರಿಕದ ಶಾಲೆಯಲ್ಲಿ ಓದಿದವರು, ಅಮೆರಿಕದ ನಿಘಂಟನ್ನು ಕಲಿತವರು. ‘ನೀವು ಇಲ್ಲಿಯವರಲ್ಲ’ ಎಂದು ಅಲ್ಲಿಯ ಜನಾಂಗದ್ವೇಷಿ ಹೇಳುತ್ತಾನೆ. ‘ಹೌದು, ಅವರು ಅಲ್ಲಿಯವರಲ್ಲ, ನಮ್ಮವರು’ ಎಂದು ನಾವು ಇಲ್ಲಿಂದ ದನಿಗೂಡಿಸುತ್ತೇವೆ. ಹುಟ್ಟಿ ಬೆಳೆದ ನೆಲದಲ್ಲೇ ‘ನಿಜ ಹೇಳು, ನೀನು ಎಲ್ಲಿಯವನು?’ ಎಂಬ ಪ್ರಶ್ನೆ ಎಷ್ಟು ಆಳಕ್ಕೆ ಚುಚ್ಚುತ್ತದೆಂದು ಈ ದೇಶದ ಮುಸ್ಲಿಮನಿಗೆ ಯಾರೂ ವಿವರಿಸಬೇಕಾಗಿಲ್ಲ. ಅದೇ ಪ್ರಶ್ನೆಗೆ ಅಮೆರಿಕದಲ್ಲಿ ನಾವೇ ಸಾಕ್ಷಿ ಒದಗಿಸುವುದೇ?

ಹಾಗಾದರೆ ಈ ಮಕ್ಕಳು ಗೆದ್ದದ್ದು ಹೇಗೆ? ಗುಟ್ಟೇನೂ ಇಲ್ಲ. 1965ರಲ್ಲಿ ಅಮೆರಿಕವು ತನ್ನ ವಲಸೆ ಕಾನೂನನ್ನು ಬದಲಿಸಿತು. ಆ ನಂತರ ಭಾರತದಿಂದ ಅಲ್ಲಿಗೆ ಹೋದವರಲ್ಲಿ ವೈದ್ಯರು, ಎಂಜಿನಿಯರುಗಳು, ಉನ್ನತ ವ್ಯಾಸಂಗಕ್ಕೆ ಹೋದವರು ದೊಡ್ಡ ಸಂಖ್ಯೆಯಲ್ಲಿದ್ದರು. ಅಂದರೆ ಜರಡಿ ಹಿಡಿದು ಆಯ್ದ ಜನ. ಮನೆಯಲ್ಲಿ ಪುಸ್ತಕ, ಜೊತೆಗೆ ಕೂತು ಓದಿಸಲು ಹೆತ್ತವರು. ಇಷ್ಟೇ ಅಲ್ಲ, ಅವರು ಸಂಘಟಿತರಾದರು. 1989ರಲ್ಲಿ ಹುಟ್ಟಿದ ‘ನಾರ್ತ್ ಸೌತ್ ಫೌಂಡೇಶನ್’ 1993ರಿಂದ ವಲಸಿಗರ ಮಕ್ಕಳಿಗಾಗಿ ಊರೂರಿನಲ್ಲಿ ಸ್ಪೆಲ್ಲಿಂಗ್ ಸ್ಪರ್ಧೆ ನಡೆಸತೊಡಗಿತು. ದೊಡ್ಡ ವೇದಿಕೆ ಏರುವ ಮೊದಲು ಮಕ್ಕಳು ಇಲ್ಲಿ ಹತ್ತಾರು ಸಲ ಸೋತು ಪಳಗುತ್ತಾರೆ. ಇದರ ಮೇಲೆ ಖಾಸಗಿ ತರಬೇತುದಾರರು, ದುಡ್ಡು ಕೊಟ್ಟು ಕೊಳ್ಳುವ ಪದಪಟ್ಟಿಗಳು, ವರ್ಷಗಟ್ಟಲೆಯ ದುಡಿಮೆ. ಫೈಝಾನ್ ಕೂಡ ಅಂತಿಮ ಸುತ್ತುಗಳಲ್ಲಿ ಒಮ್ಮೆ ಅವಸರಪಟ್ಟು ‘ಕಾಮೆಲೈನಾ’ ಎಂಬ ಪದದಲ್ಲಿ ಎಡವಿದ್ದ. ಆಗ ಯಾವ ರಕ್ತವೂ ಆತನ ನೆರವಿಗೆ ಬರಲಿಲ್ಲ. ಸಾವರಿಸಿಕೊಂಡು ಮತ್ತೆ ಆಡಲು ಕಲಿಸಿದ್ದು ಆತನ ಪರಿಶ್ರಮ.

ಅವಕಾಶವಿಲ್ಲದ ಪ್ರತಿಭೆಯ ಗತಿ ಏನಾಗುತ್ತದೆ? ಅದನ್ನೂ ಇದೇ ಸ್ಪರ್ಧೆಯ ಚರಿತ್ರೆ ಹೇಳುತ್ತದೆ. 1936ರಲ್ಲಿ ಓಹಾಯೋದ ಆಕ್ರನ್ ನಗರದಿಂದ ಮೆಕ್‌ನೋಲಿಯಾ ಕಾಕ್ಸ್ ಎಂಬ ಹದಿಮೂರು ವರ್ಷದ ಕಪ್ಪು ಹುಡುಗಿ ಅಂತಿಮ ಸ್ಪರ್ಧೆಗೆ ಬಂದಳು. ಉಳಿದ ಮಕ್ಕಳು ತಂಗಿದ್ದ ಹೋಟೆಲಿನಲ್ಲಿ ಅವಳಿಗೆ ಜಾಗವಿರಲಿಲ್ಲ. ಔತಣದಲ್ಲಿ ಅವಳಿಗೆ ಬೇರೆಯೇ ಮೇಜು. ಕೊನೆಯ ಐವರಲ್ಲಿ ಒಬ್ಬಳಾಗಿ ಉಳಿದಾಗ ಅವಳಿಗೆ ಬಂದ ಪದ ‘ನೆಮೆಸಿಸ್’. ಗ್ರೀಕ್ ದೇವತೆಯ ಆ ಹೆಸರು ಪಟ್ಟಿಯಲ್ಲೇ ಇರಲಿಲ್ಲವೆಂದು ಜೊತೆಗಿದ್ದವರು ಪ್ರತಿಭಟಿಸಿದರೂ ಫಲ ಸಿಗಲಿಲ್ಲ. ಅವಳಿಗೆ ಕಾಲೇಜು ಮೆಟ್ಟಿಲು ಹತ್ತಲಾಗಲಿಲ್ಲ. ವೈದ್ಯರೊಬ್ಬರ ಮನೆಗೆಲಸ ಮಾಡಿಕೊಂಡು ಬದುಕಿ 1976ರಲ್ಲಿ ತೀರಿಕೊಂಡಳು. ಕಪ್ಪು ಅಮೆರಿಕನ್ ಮಗುವೊಂದು ಈ ಸ್ಪರ್ಧೆ ಗೆಲ್ಲಲು 2021ರವರೆಗೆ, ಝೈಲಾ ಅವಾಂಟ್-ಗಾರ್ಡ್ ಎಂಬ ಹುಡುಗಿಯವರೆಗೆ, ಕಾಯಬೇಕಾಯಿತು. ಈ 85 ವರ್ಷಗಳ ಅಂತರವನ್ನು ರಕ್ತದ ಸಿದ್ಧಾಂತದವರು ಹೇಗೆ ವಿವರಿಸುತ್ತಾರೆ?

ಹಣದ ಮಾತೂ ಇದೆ. ಸ್ಥಳೀಯ ಸ್ಪರ್ಧೆ ಗೆಲ್ಲದ ಮಕ್ಕಳೂ ದುಡ್ಡು ಕಟ್ಟಿ ರಾಷ್ಟ್ರಮಟ್ಟಕ್ಕೆ ಬರಬಹುದೆಂದು ಸಂಘಟಕರು 2018ರಲ್ಲಿ ಹೊಸ ಬಾಗಿಲು ತೆರೆದರು. 2019ರಲ್ಲಿ ಅದರ ಶುಲ್ಕ 1,500 ಡಾಲರ್. ಪ್ರಯಾಣ, ವಸತಿಯ ಖರ್ಚು ಬೇರೆ. ಆಮೇಲೆ ಆ ಬಾಗಿಲನ್ನು ಮುಚ್ಚಿದರು, ನಿಜ. ಆದರೆ ‘ಪ್ರತಿಭೆಯೊಂದೇ ಸಾಕು’ ಎಂಬ ಮಾತಿನ ಬಣ್ಣ ಅಷ್ಟರಲ್ಲಿ ಬಯಲಾಗಿತ್ತು.

ಇನ್ನು ಸ್ಪೆಲ್ಲಿಂಗ್ ಬರುವುದೇ ಬುದ್ಧಿವಂತಿಕೆಯೇ? ಸಾಲ ಎಂಬ ಅರ್ಥದ ‘ಡೆಟ್’ ಪದದಲ್ಲಿ ಉಚ್ಚಾರಕ್ಕೆ ಬಾರದ ‘ಬಿ’ ಅಕ್ಷರವೊಂದಿದೆ. ಫ್ರೆಂಚಿನಿಂದ ಬಂದಾಗ ಅದು ಇರಲಿಲ್ಲ. ಲ್ಯಾಟಿನ್ ಮೋಹದ ಪಂಡಿತರು ನಂತರ ತುರುಕಿದ್ದು. 2013ರ ಗೆಲುವಿನ ಪದ ‘ನೇಡಲ್’, ಯಹೂದಿಗಳ ಅಡುಗೆಮನೆಯ ಒಂದು ಬಗೆಯ ಕಡುಬು. ನಿಘಂಟಿನಂತೆ ಬರೆದ ಹುಡುಗ ಗೆದ್ದ. ಆದರೆ ಆ ಕಾಗುಣಿತವೇ ಸರಿಯಲ್ಲವೆಂದು ಯಿಡ್ಡಿಶ್ ಭಾಷಾತಜ್ಞರು ತಕರಾರು ತೆಗೆದರು. ಆ ಮಕ್ಕಳ ಶ್ರಮ ದೊಡ್ಡದು. ಆದರೆ ಕಾಗುಣಿತವೆಂಬುದು ಚರಿತ್ರೆಯ ಆಕಸ್ಮಿಕಗಳ ಕಂತೆ. ಮನುಷ್ಯನ ಯೋಗ್ಯತೆ ಅಳೆಯುವ ತಕ್ಕಡಿಯಲ್ಲ.

ಈ ಮಾತನ್ನು ಕನ್ನಡಿಗರಾದ ನಾವು ಮೊದಲು ಕೇಳಿಸಿಕೊಳ್ಳಬೇಕು. ನಮ್ಮ ಲಿಪಿಯಲ್ಲಿ ಹೆಚ್ಚುಕಡಿಮೆ ನುಡಿದಂತೆಯೇ ಬರೆಯುತ್ತೇವೆ. ಆದರೂ ನಾವು ಗೇಟು ಕಟ್ಟದೆ ಬಿಟ್ಟಿಲ್ಲ. ‘ಹಾಲು’ ಎನ್ನಲು ಹೋಗಿ ‘ಆಲು’ ಎಂದ ಹಳ್ಳಿಯ ಮಗು, ಮಹಾಪ್ರಾಣ ಬಿಟ್ಟ ಕೂಲಿಯವನ ಮಗ, ಮನೆಯಲ್ಲಿ ಉರ್ದುವನ್ನೋ ಬ್ಯಾರಿಯನ್ನೋ ಆಡಿ ಶಾಲೆಗೆ ಬಂದ ಹುಡುಗಿ, ಇವರನ್ನು ನೋಡಿ ನಗುವ ತರಗತಿಗಳು ನಮ್ಮಲ್ಲಿ ಎಷ್ಟಿಲ್ಲ? ಇಂಗ್ಲಿಷಿನಲ್ಲಿ ಫೇಲಾಗಿ ಶಾಲೆಯನ್ನೇ ಬಿಟ್ಟವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಮೇರಿಲ್ಯಾಂಡಿನ ಗೆಲುವಿಗೆ ಸಿಹಿ ಹಂಚುವ ನಾವು ಇವರಿಗೆ ‘ತಲೆ ಇಲ್ಲ’ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ರಕ್ತದ ಸಿದ್ಧಾಂತದ ನಿಜವಾದ ಉಪಯೋಗ ಇದೇ: ಗೆದ್ದವರನ್ನು ನಮ್ಮ ಖಾತೆಗೆ ಸೇರಿಸಿಕೊಳ್ಳಬಹುದು, ಸೋತವರ ಹೊಣೆ ಹೊರಬೇಕಾಗಿಲ್ಲ.

ಆ ಫೌಂಡೇಶನ್ ತನ್ನ ಸ್ಪರ್ಧೆಗಳಿಂದ ಬಂದ ಹಣದಲ್ಲಿ ಭಾರತದ ಬಡ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಹೆಮ್ಮೆಪಡುವುದಾದರೆ ಇಂಥದ್ದರ ಬಗ್ಗೆ ಪಡೋಣ. ಕಲಿಯುವುದಾದರೆ ಆ ವೇದಿಕೆಯ ಮಕ್ಕಳು ಕೇಳುವ ಒಂದು ಪ್ರಶ್ನೆಯನ್ನು ಕಲಿಯೋಣ: ‘ಈ ಪದ ಯಾವ ಭಾಷೆಯಿಂದ ಬಂತು?’ ನಮ್ಮ ಶಾಲೆಯ ಮಗುವೂ ಅದನ್ನು ಕೇಳಲಿ. ‘ರೈತ’, ‘ವಕೀಲ’, ‘ಜಿಲ್ಲೆ’ ಅರಬಿಯಿಂದ ಬಂದವೆಂದೂ ‘ಕಾಗದ’ ಪಾರ್ಸಿಯಿಂದ, ‘ಚಾವಿ’ ಪೋರ್ಚುಗೀಸಿನಿಂದ ಬಂದವೆಂದೂ ತಿಳಿದ ಮಗು ಮುಂದೆ ಯಾರನ್ನೂ ‘ಹೊರಗಿನವರು’ ಎಂದು ಸುಲಭವಾಗಿ ಕರೆಯಲಾರದು.

ಕಿಟ್ಟೆಲ್ ನಿಘಂಟು 1894ರಲ್ಲೇ ಬಂತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟು 1995ರಲ್ಲಿ ಪೂರ್ಣವಾಯಿತು. ನಿಮ್ಮೂರಿನ ಶಾಲೆಯ ಎಷ್ಟು ಮಕ್ಕಳು ಅವನ್ನು ಕೈಯಲ್ಲಿ ಹಿಡಿದು ನೋಡಿದ್ದಾರೆ? ಬೀಗ ಹಾಕಿದ ಕಪಾಟಿನಲ್ಲಾದರೂ ಅವು ಇವೆಯೇ? ಮುಂದಿನ ವರ್ಷ ಅಮೆರಿಕದಲ್ಲಿ ಇನ್ನೊಂದು ಮಗು ಗೆಲ್ಲುತ್ತದೆ. ಅದರ ಫೋಟೋವನ್ನು ನಾಲ್ಕು ಜನರಿಗೆ ಕಳಿಸುವ ಮೊದಲು ಒಮ್ಮೆ ಆ ಶಾಲೆಗೆ ಹೋಗಿ ಆ ಕಪಾಟಿನ ಬೀಗ ತೆಗೆಸಿ. ರಕ್ತದ ಬಗ್ಗೆ ಆಮೇಲೆ ಮಾತಾಡೋಣ.