ಒಡೆತನವೆಂಬ ಮೂರ್ಛೆ

"ನಾಲ್ಕು ತಲೆಮಾರುಗಳಿಂದ ನಮ್ಮ ಮನೆತನದ ಕೈಯಲ್ಲಿದೆ" ಎಂಬ ಮಾತನ್ನು ಬಸದಿಗಳ ಆಡಳಿತ ಸಭೆಗಳಲ್ಲಿ ಕೇಳದ ಶ್ರಾವಕರು ವಿರಳ. ಮೊಕ್ತೇಸರಿಕೆಯೇ ಇರಲಿ, ತೇರಿನ ಹಗ್ಗವನ್ನು ಮೊದಲು ಹಿಡಿಯುವ ಮರ್ಯಾದೆಯೇ ಇರಲಿ, ಒಡೆತನದ ಅವಧಿಯೇ ಯೋಗ್ಯತೆಯ ಪ್ರಮಾಣವೆಂದು ನಾವು ಒಪ್ಪಿಬಿಟ್ಟಿದ್ದೇವೆ. ಈ ಒಪ್ಪಿಗೆಯೇ ತಪ್ಪು. ಅದನ್ನು ಫ್ರಾನ್ಸ್ ದೇಶದ ಒಂದು ಹಾಯಿನೌಕೆಯ ವೃತ್ತಾಂತದಿಂದ ತೋರಿಸಬಯಸುತ್ತೇನೆ. ನಮ್ಮ ಊರಿನ ಉದಾಹರಣೆಯಿಂದಲೇ ಆರಂಭಿಸಿದರೆ, ಇದು ಯಾರ ಮನೆಯ ಮಾತೆಂದು ಹುಡುಕುವುದರಲ್ಲಿಯೇ ಓದು ಮುಗಿದುಹೋಗುತ್ತದೆ.

ಸ್ಕಾಟ್ಲೆಂಡಿನ ವಿಲಿಯಂ ಫೈಫ್ ಎಂಬ ವಿನ್ಯಾಸಕ ರೂಪಿಸಿ, 1898ರಲ್ಲಿ ಐರ್ಲೆಂಡಿನಲ್ಲಿ ಕಟ್ಟಲಾದ, ಸುಮಾರು 15 ಮೀಟರ್ ಉದ್ದದ ಮರದ ನೌಕೆಯದು. 1938ರಲ್ಲಿ ಗೀ ತಾಬರ್ಲಿ ಎಂಬವರು ಅದನ್ನು ಕೊಂಡರು. ಹೆಸರು 'ಪೆನ್ ದುಯಿಕ್'. ಬ್ರೆಟನ್ ಭಾಷೆಯಲ್ಲಿ ಕಪ್ಪುತಲೆಯ ಪುಟ್ಟ ಹಕ್ಕಿ ಎಂದರ್ಥ. ಮರುವರ್ಷವೇ ಎರಡನೆಯ ಮಹಾಯುದ್ಧ. ನೌಕೆ ವರ್ಷಗಟ್ಟಲೆ ಕೆಸರಿನಲ್ಲಿ ನಿಂತಿತು. ಯುದ್ಧಾನಂತರ ತಂದೆ ಮಾರಲು ನೋಡಿದರೆ ಕೊಳ್ಳುವವರಿಲ್ಲ. 1952ರಲ್ಲಿ ಅದನ್ನು ಮಗ ಎರಿಕ್‌ಗೆ ಕೊಟ್ಟಾಗ ಒಡಲಿನ ಹಲಗೆಗಳು ಕೊಳೆತಿದ್ದವು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಕುಟುಂಬಕ್ಕೆ ನೌಕೆಯ ಮೇಲೆ ಅಕ್ಕರೆಯಿತ್ತು. ಆದರೆ ಅಕ್ಕರೆಯು ಒಂದು ಹಲಗೆಯನ್ನೂ ಉಳಿಸಲಿಲ್ಲ. ಅವರಿಗೆ ಯುದ್ಧದ ಕಾರಣವಾದರೂ ಇತ್ತು. ನಮಗೆ ಯಾವ ಯುದ್ಧವಿತ್ತು?

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ಗುರುತಿಸಿದ್ದು ವಸ್ತುವಿನಲ್ಲಲ್ಲ, ಮೂರ್ಛೆಯಲ್ಲಿ. ಮೂರ್ಛೆ ಹೋದವನು ಕೈಯಲ್ಲಿ ಹಿಡಿದುದನ್ನು ಬಿಡುವುದೂ ಇಲ್ಲ, ಕಣ್ಣು ತೆರೆದು ನೋಡುವುದೂ ಇಲ್ಲ. ನಮ್ಮಲ್ಲಿ ಅನೇಕರ ಒಡೆತನ ಇಂಥದು.

ನೌಕಾಪಡೆಯಲ್ಲಿದ್ದ ಎರಿಕ್ ತಾಬರ್ಲಿ ಸಂಬಳದ ಹಣವನ್ನು ಕೂಡಿಟ್ಟರು. ಹಳೆಯ ಮರದೊಡಲನ್ನೇ ಅಚ್ಚಾಗಿಸಿಕೊಂಡು, ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನೂ ಪಾಲಿಯೆಸ್ಟರ್ ರಾಳವನ್ನೂ ಪದರಪದರವಾಗಿ ಹಾಕಿ, 1958ರಲ್ಲಿ ಹೊಸ ಒಡಲನ್ನು ಸಿದ್ಧಪಡಿಸಿದರು. ಮರ ಹೋಯಿತು, ಆಕಾರ ಉಳಿಯಿತು. ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟುವ ಸ್ಪರ್ಧೆಯನ್ನು 1964ರಲ್ಲಿಯೂ 1976ರಲ್ಲಿಯೂ ಬೇರೆ ನೌಕೆಗಳಲ್ಲಿ ಗೆದ್ದ ಮೇಲೂ ಅವರು ಈ ಹಳೆಯದನ್ನು ಕಡೆಗಣಿಸದೆ, 1980ರ ದಶಕದಲ್ಲಿ ಮತ್ತೊಮ್ಮೆ ದೀರ್ಘವಾಗಿ ದುರಸ್ತಿ ಮಾಡಿಸಿದರು.

"ದ್ರವ್ಯ ನಿತ್ಯ, ಪರ್ಯಾಯ ಅನಿತ್ಯ, ಒಡಲು ಬದಲಾದರೇನು?" ಎಂದು ಕೆಲವರು ಸಮಾಧಾನ ಹೇಳಬಹುದು. ಉಳಿದ ಆಕಾರವೂ ಪರ್ಯಾಯವೇ, ಸ್ವಾಮಿ! ಹೋದ ಮರ ಹೋಯಿತು. ಎರಿಕ್ ಮಾಡಿದ್ದು ತಡವಾದ ರೋಗಕ್ಕೆ ಶಸ್ತ್ರಚಿಕಿತ್ಸೆ. ಕೆತ್ತನೆಯ ಕಂಬಗಳನ್ನು ಕೊಳೆಯಗೊಟ್ಟು, ಕಾಂಕ್ರೀಟ್ ಸುರಿದು, ದಾನಿಗಳ ಹೆಸರಿನ ಅಮೃತಶಿಲೆಯನ್ನು ಜಡಿದು 'ಜೀರ್ಣೋದ್ಧಾರ'ವೆನ್ನುವವರಿಗೆ ಇದು ಮಾದರಿಯಾಗಲಾರದು.

ನೌಕೆಗೆ ನೂರು ತುಂಬಿದ 1998ರ ಜೂನ್ ತಿಂಗಳಲ್ಲಿ, ಫೈಫ್ ನೌಕೆಗಳ ಕೂಟಕ್ಕೆಂದು ಸ್ಕಾಟ್ಲೆಂಡಿಗೆ ಹೊರಟಿದ್ದ ಎರಿಕ್ ರಾತ್ರಿಯ ವೇಳೆ ಅದೇ ನೌಕೆಯಿಂದ ಐರಿಷ್ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ಇದು ಮೋಹದ ಫಲವೆಂದು ತೀರ್ಪು ಕೊಡುವವರು ನಮ್ಮಲ್ಲಿದ್ದಾರೆ. ಅನ್ಯರ ಮರಣದಿಂದ ಅವರ ಕರ್ಮವನ್ನು ಓದುವ ಅಧಿಕಾರ ನಮಗೆ ಯಾರು ಕೊಟ್ಟರು? ಅವರು ಮೈಗೆ ರಕ್ಷಣಾಪಟ್ಟಿ ಕಟ್ಟಿಕೊಂಡಿರಲಿಲ್ಲ. ಅದು ಪ್ರಮಾದ, ಅಷ್ಟು ಹೇಳಬಹುದು. ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ನಮ್ಮ ಆಚಾರ್ಯರು ಮುಂದಿಟ್ಟದ್ದು ಪ್ರಮಾದವನ್ನೇ.

ಆ ಮಾತು ನಮಗೂ ತಗಲುತ್ತದೆ. ನಾನು ಬಲ್ಲ ಒಂದು ತೇರಿನ ಕೊಟ್ಟಿಗೆಯಲ್ಲಿ ಚಕ್ರಗಳಿಗೆ ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿಸುವ ಸೂಚನೆ ಸಭೆಯಿಂದ ಸಭೆಗೆ ಮುಂದೂಡಲ್ಪಟ್ಟಿತು. ಹಗ್ಗದ ಮರ್ಯಾದೆಯ ಚರ್ಚೆಗೆ ಮಾತ್ರ ಸಮಯ ಸಾಲದಾಯಿತು. ಕೊನೆಗೆ ಗೆದ್ದಲು ಹತ್ತಿತು, ವಿಷ ಸುರಿಸಬೇಕಾಯಿತು. ನೀರನ್ನು ಸೋಸಿ ಕುಡಿಯುವ ನಾವು! ಅಂದು ಸತ್ತ ಜೀವಿಗಳನ್ನು ಯಾರ ಖಾತೆಗೆ ಬರೆಯೋಣ? ವಿಷ ಸುರಿದ ಕೂಲಿಯವನ ಖಾತೆಗೋ, ಎಣ್ಣೆಯ ದುಡ್ಡು ಉಳಿಸಿದ ನಮ್ಮ ಖಾತೆಗೋ?

ಅಂಗಡಿಯ ಲೆಕ್ಕದಲ್ಲಿ ತಪ್ಪದೆ ಸವಕಳಿ ತೋರಿಸುವವರು ಬಸದಿಯ ಲೆಕ್ಕದಲ್ಲಿ ಮರ ಸವೆಯುವುದೇ ಇಲ್ಲವೆಂಬಂತೆ ನಡೆದುಕೊಳ್ಳುತ್ತಾರೆ. ಬರುವ ವಾರ್ಷಿಕ ಸಭೆಯಲ್ಲಿ ದಾನಿಗಳ ಪಟ್ಟಿಗಿಂತ ಮೊದಲು, ಮರಮುಟ್ಟುಗಳ ರಕ್ಷಣೆಗೆ ಕಳೆದ ವರ್ಷ ಆದ ಖರ್ಚನ್ನು ಕಾರ್ಯದರ್ಶಿಗಳು ಓದಲಿ. ಶೂನ್ಯವಾಗಿದ್ದರೆ ಶೂನ್ಯವೆಂದೇ ಓದಲಿ.